ಅಡಿಕೆ ಸಿಪ್ಪೆಯಿಂದ ಹಳೆ ಟೈರಿನವರೆಗೆ: ನಮ್ಮ ಸೀಮೆಯಲ್ಲಿ ಸುಡುವುದನ್ನು ನಿಲ್ಲಿಸುವುದು ಹೇಗೆ?

(ದಾವಣಗೆರೆ–ಚಿತ್ರದುರ್ಗ ಸೀಮೆಯವರ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಗುರುತಿನ ಹೆಸರು.)

ಸಂತೇಬೆನ್ನೂರು ದಾರಿ

ಚನ್ನಗಿರಿಯಿಂದ ಸಂತೇಬೆನ್ನೂರು ಮಾರ್ಗವಾಗಿ ದಾವಣಗೆರೆಗೆ ಓಡಾಡುವವರಿಗೆ ನಾನು ಹೇಳುವುದು ಹೊಸದೇನಲ್ಲ. ಅಡಿಕೆ ಸುಲಿತ ಶುರುವಾದರೆ ಸಾಕು, ರಸ್ತೆಯ ಎರಡೂ ಬದಿಗೆ ಸಿಪ್ಪೆಯ ಗುಡ್ಡೆಗಳು ಬೀಳುತ್ತವೆ. ಹಸಿ ಸಿಪ್ಪೆ ಮೊದಲು ಹುಳಿ ವಾಸನೆ ಹೊಡೆಯುತ್ತದೆ. ಮಳೆ ಬಿದ್ದರೆ ಕಪ್ಪು ನೀರು ಬಿಡುತ್ತದೆ. ಮೇಲ್ಪದರ ಒಣಗುತ್ತಲೇ ಯಾರೋ ಬಂದು ಬೆಂಕಿ ಇಡುತ್ತಾರೆ. ಒಳಗೆ ಹಸಿ, ಹೊರಗೆ ಒಣ ಇರುವ ರಾಶಿ ಧಗಧಗನೆ ಉರಿದು ಮುಗಿಯುವುದಿಲ್ಲ, ದಿನಗಟ್ಟಲೆ ಹೊಗೆಯಾಡುತ್ತದೆ. ಬೆಳಗಿನ ಜಾವ ಇಬ್ಬನಿಯ ಜೊತೆ ಆ ಹೊಗೆ ರಸ್ತೆಯ ಮೇಲೆಯೇ ಕೂತುಬಿಡುತ್ತದೆ. ಎದುರಿಗೆ ಬರುವ ಲಾರಿಯ ದೀಪ ಮೈಮೇಲೆ ಬರುವವರೆಗೂ ಕಾಣುವುದಿಲ್ಲ.

ರಸ್ತೆ ಬದಿಯ ಹುಣಸೆ ಮರವೊಂದನ್ನು ನಿಂತು ನೋಡಿದೆ. ಸಿಪ್ಪೆ ಸುರಿದ ಕಡೆ ಬುಡದ ತೊಗಟೆ ಇದ್ದಿಲಾಗಿ ಸೀಳಿದೆ. ಕೈಯಿಟ್ಟರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಆ ಮಗ್ಗುಲಿನ ಕೊಂಬೆಗಳಲ್ಲಿ ಒಂದು ಚಿಗುರಿಲ್ಲ, ಇನ್ನೊಂದು ಮಗ್ಗುಲು ಹಸಿರಾಗಿಯೇ ಇದೆ. ಮರವನ್ನು ಕಡಿದರೆ ಊರಿನವರು ಕೇಳುತ್ತಾರೆ, ಅರಣ್ಯ ಇಲಾಖೆಯವರು ಬರುತ್ತಾರೆ. ಹೀಗೆ ಬುಡ ಸುಟ್ಟು ಎರಡು ಮೂರು ವರ್ಷ ಕಾದರೆ ಅದು ತಾನಾಗಿ ಒಣಗುತ್ತದೆ, ಕೇಳುವವರೇ ಇಲ್ಲ.

ಅಡಿಕೆ ಬೆಳೆಗಾರರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅಡಿಕೆಯ ದುಡ್ಡಿನಲ್ಲೇ ನಮ್ಮ ತಾಲ್ಲೂಕಿನ ಮನೆಗಳು ಎದ್ದಿವೆ, ಮಕ್ಕಳು ಓದಿದ್ದಾರೆ. ಸಿಪ್ಪೆ ರಸ್ತೆಗೆ ಬರುವುದು ಏಕೆ, ಅದನ್ನು ಬೇರೆ ಏನು ಮಾಡಬಹುದು ಎಂಬುದನ್ನು ತಿಳಿದವರು ಹೇಳಬೇಕು. ಭತ್ತದ ಹುಲ್ಲು, ನಗರದ ಕಸ, ಗುಡ್ಡದ ಹುಲ್ಲು ಇವುಗಳಿಗೂ ಬೆಂಕಿಯೇ ಬೀಳುತ್ತಿದೆ. ಆ ಬಗ್ಗೆಯೂ ಬರೆಯಿರಿ.

ತೋಟದ ಬದು, ಹೊಳಲ್ಕೆರೆ ತಾಲ್ಲೂಕು

ಸಿಪ್ಪೆ ರಸ್ತೆಗೆ ಬರುವುದಕ್ಕೆ ಕಾರಣ ಖೇಣಿ ಪದ್ಧತಿ, ಅಂದರೆ ಫಸಲನ್ನು ಗುತ್ತಿಗೆಗೆ ಕೊಡುವುದು. ಹಿಂದೆ ಕೊಯ್ದ ಕಾಯಿಯನ್ನು ತೋಟದ ಮನೆಯಲ್ಲೇ ಸುಲಿಯುತ್ತಿದ್ದರು. ಹತ್ತಾರು ಹೆಂಗಸರು ಕೂತು ಮೆಟ್ಟುಗತ್ತಿಯಲ್ಲಿ ಸುಲಿದರೆ ದಿನಕ್ಕೆ ಆಗುತ್ತಿದ್ದ ಸಿಪ್ಪೆ ಅಷ್ಟಕ್ಕಷ್ಟೆ. ಅದು ತಿಪ್ಪೆಗೆ ಹೋಗುತ್ತಿತ್ತು, ಒಣಗಿದ್ದು ಅಡಿಕೆ ಬೇಯಿಸುವ ಒಲೆಗೆ ಹೋಗುತ್ತಿತ್ತು. ಈಗ ನಮ್ಮಲ್ಲಿ ಬಹುಪಾಲು ಜನ ಫಸಲನ್ನು ಮರದಲ್ಲಿರುವಾಗಲೇ ಖೇಣಿಗೆ ಕೊಡುತ್ತೇವೆ. ಖೇಣಿದಾರರು ಹತ್ತಾರು ತೋಟಗಳ ಕಾಯಿಯನ್ನು ತಮ್ಮ ಕಣಕ್ಕೆ ತಂದು ಯಂತ್ರದಲ್ಲಿ ಸುಲಿಸುತ್ತಾರೆ. ಹಸಿ ಅಡಿಕೆ ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಿಪ್ಪೆಯದೇ. ತೋಟದಲ್ಲಿ ಹಂಚಿಹೋಗುತ್ತಿದ್ದ ಸಿಪ್ಪೆಯೆಲ್ಲ ಒಂದೇ ಕಣದಲ್ಲಿ, ಎರಡು ಮೂರು ತಿಂಗಳೊಳಗೆ ಬಂದು ಬೀಳುತ್ತದೆ.

ಹೀಗಾಗಿ ಗೊಬ್ಬರ ಬೇಕಾದ ತೋಟ ಒಂದು ಕಡೆ, ಗೊಬ್ಬರವಾಗಬೇಕಾದ ಸಿಪ್ಪೆ ಇನ್ನೊಂದು ಕಡೆ. ನಡುವೆ ಟ್ರ್ಯಾಕ್ಟರ್ ಬಾಡಿಗೆ. ಈ ಬಾಡಿಗೆ ಯಾರದ್ದು ಎಂದು ಇತ್ಯರ್ಥ ಮಾಡದೆ ರಸ್ತೆಯಲ್ಲಿ ಎಚ್ಚರಿಕೆಯ ಫಲಕ ಹಾಕಿದರೆ, ಫಲಕದ ಬುಡಕ್ಕೇ ಸಿಪ್ಪೆ ಸುರಿಯುತ್ತಾರೆ. ನಮ್ಮೂರಿನಲ್ಲಿ ಆಗಿರುವುದು ಅದೇ.

ಖೇಣಿ ಮನೆ

ಮೇಲಿನವರು ಹೇಳಿದ್ದು ನಿಜ. ನಮ್ಮ ಕಡೆಯ ಮಾತನ್ನೂ ಕೇಳಿ. ಕಣ ಬಾಡಿಗೆಯದು, ಜಾಗ ಸಣ್ಣದು. ಸಿಪ್ಪೆ ಎರಡು ದಿನ ನಿಂತರೆ ಮರುದಿನದ ಕಾಯಿ ಇಳಿಸಲು ಜಾಗವಿಲ್ಲ. ಸುಲಿದದ್ದನ್ನು ಅಂದೇ ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು) ಕೊಟ್ಟು, ಬಿಸಿಲಿಗೆ ಹರಡಬೇಕು. ತಡವಾದರೆ ಬಣ್ಣ ಹೋಗುತ್ತದೆ, ಬಣ್ಣ ಹೋದರೆ ಧಾರಣೆ ಹೋಗುತ್ತದೆ. ಆ ಧಾವಂತದಲ್ಲಿ ಸಿಪ್ಪೆಯ ಬಗ್ಗೆ ಯೋಚಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ರೈತರಿಗೆ ಫೋನ್ ಮಾಡಿ "ನಿಮ್ಮ ಸಿಪ್ಪೆ ಒಯ್ಯಿರಿ" ಎಂದರೆ ಹತ್ತರಲ್ಲಿ ಇಬ್ಬರು ಬಂದಾರು. ಉಳಿದವರು ಅದರಿಂದ ಹುಳ ಬರುತ್ತದೆ, ರೋಗ ಬರುತ್ತದೆ ಎನ್ನುತ್ತಾರೆ. ಆ ಭಯ ನಿಜವೋ ಸುಳ್ಳೋ ಮೊದಲು ಯಾರಾದರೂ ಸ್ಪಷ್ಟವಾಗಿ ಹೇಳಿ.

ಒಂದು ಮಾತು. ಬೆಂಕಿ ಇಡುವವರೆಲ್ಲ ಖೇಣಿದಾರರಲ್ಲ. ನಾವು ಸುರಿದ ರಾಶಿಗೆ ದಾರಿಹೋಕರ ಬೀಡಿಯೂ ಬೀಳುತ್ತದೆ, ವಾಸನೆ ತಡೆಯದ ಪಕ್ಕದ ಹೊಲದವರೂ ಬೆಂಕಿ ಇಡುತ್ತಾರೆ. ಆದರೆ ಸುರಿದವರು ನಾವೇ ಎಂಬುದನ್ನು ಒಪ್ಪಲೇಬೇಕು.

ಮಣ್ಣಿನ ವಿದ್ಯಾರ್ಥಿ

ಖೇಣಿ ಮನೆಯವರ ಪ್ರಶ್ನೆಗೆ ಉತ್ತರ. ಭಯ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಕೊಳೆರೋಗ ಬಂದ ಕಾಯಿಯ ಸಿಪ್ಪೆಯನ್ನು ಹಸಿಹಸಿಯಾಗಿ ಮರದ ಬುಡಕ್ಕೆ ಹಾಕಿದರೆ ರೋಗವನ್ನು ನಾವೇ ಹೊತ್ತು ತಂದಂತೆ. ಇನ್ನು ಹುಳದ ವಿಷಯ. ಕೊಳೆಯುವ ರಾಶಿಯಲ್ಲಿ ಕುರುವಾಯಿ ಕೀಟ ಮೊಟ್ಟೆ ಇಡುತ್ತದೆ, ಅದು ತೆಂಗಿಗೆ ಶತ್ರು. ಹೊಸದುರ್ಗದ ಕಡೆಯ ತೆಂಗು ಬೆಳೆಗಾರರು ಹೆದರುವುದು ಸಹಜ. ಎರಡಕ್ಕೂ ಪರಿಹಾರ ಇದೆ. ಸಿಪ್ಪೆಯನ್ನು ಸರಿಯಾಗಿ ಕಾಂಪೋಸ್ಟ್ ಮಾಡಿದರೆ ರಾಶಿಯ ಒಳಗಿನ ಕಾವು ರೋಗಾಣುಗಳನ್ನು ಬಹುಮಟ್ಟಿಗೆ ಕೊಲ್ಲುತ್ತದೆ. ಗೊಬ್ಬರದ ಗುಂಡಿಗೆ ಮೆಟಾರೈಜಿಯಂ ಎಂಬ ಶಿಲೀಂಧ್ರ ಸೇರಿಸಿದರೆ ಕುರುವಾಯಿ ಕೀಟದ ಮರಿಹುಳಗಳಿಗೆ ರೋಗ ತಗಲಿ ಸಾಯುತ್ತವೆ. ರಾಶಿಯನ್ನು ಆಗಾಗ ಮಗುಚಿದರೆ ಹುಳಗಳು ಮೇಲೆ ಬರುತ್ತವೆ, ಕೋಳಿ ಕಾಗೆಗಳು ಹೆಕ್ಕಿಕೊಳ್ಳುತ್ತವೆ.

ಸಿಪ್ಪೆ ಬೇಗ ಕೊಳೆಯದಿರುವುದಕ್ಕೆ ಅದರಲ್ಲಿರುವ ಲಿಗ್ನಿನ್ ಎಂಬ ಗಟ್ಟಿ ನಾರಿನ ಅಂಶ ಕಾರಣ. ಬರೀ ಸಿಪ್ಪೆಯನ್ನು ಗುಡ್ಡೆ ಹಾಕಿದರೆ ವರ್ಷವಾದರೂ ನಾರು ನಾರಾಗಿಯೇ ಇರುತ್ತದೆ, ಏಕೆಂದರೆ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಇಂಗಾಲ ಬೇಕಾದಷ್ಟಿದ್ದರೂ ಸಾರಜನಕ ಸಾಲುವುದಿಲ್ಲ. ಆದ್ದರಿಂದ ಸಿಪ್ಪೆಯ ಒಂದು ಪದರದ ಮೇಲೆ ಸಗಣಿ ಬಗ್ಗಡ, ಅದರ ಮೇಲೆ ಗ್ಲಿರಿಸಿಡಿಯದಂತಹ ಹಸಿರೆಲೆ, ಮತ್ತೆ ಸಿಪ್ಪೆ, ಹೀಗೆ ಏರಿಸಬೇಕು. ನಡುವೆ ಟ್ರೈಕೋಡರ್ಮ ಎಂಬ ಶಿಲೀಂಧ್ರ ಸೇರಿಸಬೇಕು. ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಅಷ್ಟು ತೇವ ಸಾಕು. ಮೇಲೆ ಅಡಿಕೆ ಸೋಗೆ ಮುಚ್ಚಿ ನೆರಳು ಕೊಡಬೇಕು. ಯಂತ್ರದಲ್ಲಿ ಪುಡಿ ಮಾಡಿ ಹಾಕಿದರೆ ಇನ್ನೂ ಬೇಗ ಆಗುತ್ತದೆ. ಹಸಿ ಅಡಿಕೆಯ ಎಳೆ ಸಿಪ್ಪೆ ಹಣ್ಣಾಗಿ ಒಣಗಿದ ಗೋಟು ಅಡಿಕೆಯ ಸಿಪ್ಪೆಗಿಂತ ಬೇಗ ಕರಗುತ್ತದೆ, ನಮ್ಮ ಸೀಮೆಗೆ ಅದೊಂದು ಅನುಕೂಲ. ಹಾಗಿದ್ದರೂ ಇದು ತಿಂಗಳುಗಟ್ಟಲೆಯ ಕೆಲಸ, ವಾರದಲ್ಲಿ ಆಗುವುದಿಲ್ಲ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ನಿಮ್ಮ ತೋಟಕ್ಕೆ ಹೊಂದುವ ಕ್ರಮವನ್ನು ಹೇಳುತ್ತಾರೆ.

ಸುಟ್ಟರೆ ಬೂದಿಯಲ್ಲೂ ಸತ್ವ ಇದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಪೊಟ್ಯಾಶ್ ಸ್ವಲ್ಪ ಉಳಿಯುತ್ತದೆ, ಹೌದು. ಆದರೆ ಆ ಬೂದಿ ರಸ್ತೆಯ ಬದಿಯಲ್ಲಿ ಉಳಿಯುತ್ತದೆ, ತೋಟದಲ್ಲಲ್ಲ. ಸಾರಜನಕ ಮತ್ತು ಇಂಗಾಲ ಹೊಗೆಯಾಗಿ ಹೋಗಿರುತ್ತವೆ. ನಮ್ಮ ಕೆಂಪು ಮಣ್ಣಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ಆ ಇಂಗಾಲವೇ.

ಆಸ್ಪತ್ರೆ ಪಾಳಿ

ನಾನು ಸಣ್ಣ ಆಸ್ಪತ್ರೆಯೊಂದರಲ್ಲಿ ದಾದಿ. ಸುಲಿತದ ಕಾಲದಲ್ಲಿ ರಾತ್ರಿ ಪಾಳಿಗೆ ಬರುವ ದಮ್ಮಿನವರನ್ನು ನೋಡಿ ನೋಡಿ ಸಾಕಾಗಿದೆ. ಮುದುಕರು, ಪುಟ್ಟ ಮಕ್ಕಳು, ಕಣದಲ್ಲಿ ಒಲೆ ಮುಂದೆ ಕೆಲಸ ಮಾಡುವ ಹೆಂಗಸರು. ತೇವವಿರುವ ವಸ್ತು ಅರೆಬರೆ ಉರಿದಾಗ ಬರುವ ಹೊಗೆಯಲ್ಲಿ ಸೂಕ್ಷ್ಮ ಕಣಗಳೂ ಕಾರ್ಬನ್ ಮಾನಾಕ್ಸೈಡೂ ಹೆಚ್ಚು. ಪಿಎಂ 2.5 ಎನ್ನುವ ಕಣಗಳು ಮೂಗಿನ ಕೂದಲಿಗೆ, ಗಂಟಲಿನ ಕಫಕ್ಕೆ ಸಿಗದೆ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ಹೃದಯದ ತೊಂದರೆ ಇರುವವರಿಗೂ ಇದು ಅಪಾಯ. ಮುಖಕ್ಕೆ ಕಟ್ಟಿದ ಟವೆಲ್ ಇದನ್ನು ತಡೆಯುವುದಿಲ್ಲ. "ಸೌದೆ ಹೊಗೆ ತಾನೆ, ನಮ್ಮ ಅಜ್ಜಿ ಅದರಲ್ಲೇ ಅಡುಗೆ ಮಾಡಿ ತೊಂಬತ್ತು ವರ್ಷ ಬದುಕಿದಳು" ಎನ್ನುವವರಿಗೆ ನನ್ನ ಮಾತು ಇಷ್ಟೇ: ಬದುಕದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಭಟ್ಟಿ ಮನೆತನ, ದಾವಣಗೆರೆ

ಊರ ಹೊಗೆಯ ಮಾತು ಬಂದ ಮೇಲೆ ನಮ್ಮ ಮಂಡಕ್ಕಿ ಭಟ್ಟಿಗಳ ಹೆಸರು ಬಂದೇ ಬರುತ್ತದೆ, ನಾನೇ ಮೊದಲು ಹೇಳಿಬಿಡುತ್ತೇನೆ.

ದಾವಣಗೆರೆ ಮಂಡಕ್ಕಿ ಎಂದು ಹೆಸರು ಬಂದಿರುವುದು ಸುಮ್ಮನೆ ಅಲ್ಲ. ಭತ್ತ ನೆನೆಸಿ, ಹುರಿದು, ಅಕ್ಕಿ ಮಾಡಿ, ಉಪ್ಪು ನೀರು ಹಿಡಿಸಿ, ಕಾದ ಮರಳಿನಲ್ಲಿ ಅರಳಿಸುವವರೆಗೆ ಮನೆಮಂದಿಯೆಲ್ಲ ದುಡಿಯುತ್ತಾರೆ. ಬಾಣಲೆಯ ಮರಳು ಕೆಂಡದಂತೆ ಕಾದಿರಬೇಕು, ಒಂದು ಗಳಿಗೆ ಕಾವು ಇಳಿದರೆ ಅಕ್ಕಿ ಅರಳದೆ ಗಟ್ಟಿಯಾಗಿ ಉಳಿಯುತ್ತದೆ. ಹಳೆ ಟೈರಿನ ಬೆಂಕಿ ಆ ಕಾವನ್ನು ಕೊಡುತ್ತದೆ, ಸೌದೆಗಿಂತ ಅಗ್ಗಕ್ಕೆ ಸಿಗುತ್ತದೆ. ಅದಕ್ಕಾಗಿಯೇ ಹಲವರು ಟೈರಿಗೆ ಕೈಹಾಕಿದರು. ಆ ಕಪ್ಪು ಹೊಗೆ ಮೊದಲು ಹೋಗುವುದು ಒಲೆಯ ಬಾಯಿಗೆ ಕೂತವರ ಎದೆಗೆ, ಆಮೇಲೆ ಊರಿಗೆ. ಟೈರಿನಲ್ಲಿ ಗಂಧಕ, ಸತು, ಕಚ್ಚಾತೈಲದ ಅಂಶ ಎಲ್ಲವೂ ಇವೆ. ಸುಟ್ಟಾಗ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳು ಹುಟ್ಟುತ್ತವೆ. ಇದು ನಮಗೂ ಗೊತ್ತು. ಸಂಜೆ ಕೈ ತೊಳೆದರೆ ನೀರು ಮಸಿಯಾಗುವುದನ್ನು ನೋಡುತ್ತಾ ಬೆಳೆದವರು ನಾವು.

ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿದಾಗ ಕರ್ನಾಟಕದಿಂದ ಅದರ ಪಟ್ಟಿಗೆ ಸೇರಿದ ನಗರಗಳು ನಾಲ್ಕು: ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿ, ದಾವಣಗೆರೆ. ಅಷ್ಟು ದೊಡ್ಡ ನಗರಗಳ ಸಾಲಿನಲ್ಲಿ ನಮ್ಮ ಊರು ಕೂತದ್ದು ಹೆಮ್ಮೆಯ ವಿಷಯವಲ್ಲ. ಪಿಎಂ 10 ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು ಎಂಬುದು ದೇಶದ ಮಿತಿ. ಪಟ್ಟಿಗೆ ಸೇರಿಸಿದ್ದು ಆ ಮಿತಿ ವರ್ಷ ವರ್ಷ ಮೀರಿದ ನಗರಗಳನ್ನು. ನಮ್ಮ ಭಟ್ಟಿಗಳಿಗೆ ಅದರಲ್ಲಿ ಪಾಲಿದೆ. ರಸ್ತೆಯ ದೂಳಿಗೂ, ವಾಹನಗಳಿಗೂ, ಬಡಾವಣೆಯ ಖಾಲಿ ನಿವೇಶನಗಳಲ್ಲಿ ಸುಡುವ ಕಸಕ್ಕೂ ಪಾಲಿದೆ.

ದಾಳಿ ಮಾಡಿ ದಂಡ ಹಾಕಿದ ದಿನ ಟೈರು ಒಳಗೆ ಹೋಗುತ್ತದೆ, ಅಧಿಕಾರಿಗಳು ಹೋದ ಮೇಲೆ ಹೊರಗೆ ಬರುತ್ತದೆ. ಭಟ್ಟಿಯವರಿಗೆ ಬೇಕಾಗಿರುವುದು ಕಾವು. ನಮ್ಮ ಊರಿನ ಸುತ್ತ ಅಕ್ಕಿ ಗಿರಣಿಗಳಿವೆ. ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಹೊಟ್ಟು. ಆ ಹೊಟ್ಟನ್ನು ಒತ್ತಿ ಇಟ್ಟಿಗೆ ಮಾಡಿ, ಗಾಳಿ ಸರಿಯಾಗಿ ಆಡುವ ಒಲೆ, ಎತ್ತರದ ಚಿಮಣಿ ಕೊಟ್ಟರೆ ಟೈರನ್ನು ನಾವೇ ಬಿಡುತ್ತೇವೆ. ಒಲೆ ಬದಲಿಸುವ ಖರ್ಚನ್ನು ಒಂದೇ ಸಲ ಭರಿಸುವ ಶಕ್ತಿ ಸಣ್ಣ ಭಟ್ಟಿಯವರಿಗೆ ಇಲ್ಲ. ಅಲ್ಲಿ ಸಾಲವೋ ಸಹಾಯಧನವೋ ಬೇಕು. ಶುದ್ಧ ಗಾಳಿಯ ಹೆಸರಿನಲ್ಲಿ ಬರುವ ಹಣ ರಸ್ತೆಗೆ ನೀರು ಚಿಮುಕಿಸುವ ವಾಹನಗಳಿಗಿಂತ ಮೊದಲು ಒಲೆಗಳಿಗೆ ಬರಲಿ ಎಂಬುದು ನನ್ನ ಬೇಡಿಕೆ.

ಸಂತೇಬೆನ್ನೂರು ದಾರಿ

ಭಟ್ಟಿ ಮನೆತನದವರಿಗೆ ಧನ್ಯವಾದ. ಒಳಗಿನವರು ಇಷ್ಟು ನೇರವಾಗಿ ಬರೆಯುವುದು ಅಪರೂಪ. ಒಂದು ಪ್ರಶ್ನೆ: ಒಣ ಅಡಿಕೆ ಸಿಪ್ಪೆಯನ್ನು ಒತ್ತಿ ಮಾಡಿದ ಇಟ್ಟಿಗೆ ನಿಮ್ಮ ಒಲೆಗೆ ಆದೀತೇ?

ಭಟ್ಟಿ ಮನೆತನ, ದಾವಣಗೆರೆ

ಚೆನ್ನಾಗಿ ಒಣಗಿದ್ದರೆ ಆದೀತು. ಹಸಿ ಇದ್ದರೆ ಕಾವು ಹಿಡಿಯುವುದಿಲ್ಲ, ಹೊಗೆ ಇನ್ನೂ ಹೆಚ್ಚು. ಸುಲಿತದ ಕಾಲದಲ್ಲಿ ಬಿಸಿಲು ಕಡಿಮೆ, ಅಲ್ಲೇ ತೊಡಕು. ದರ ಹೊಟ್ಟಿಗಿಂತ ಕಡಿಮೆ ಇರಬೇಕು.

ಭದ್ರಾ ನಾಲೆಯ ಕೊನೆ

ನಾವು ಹರಿಹರ ತಾಲ್ಲೂಕಿನ ಭತ್ತದವರು. ಇಲ್ಲೂ ಯಂತ್ರ ಬಂದ ಮೇಲೆಯೇ ಬೆಂಕಿ ಬಂದದ್ದು. ಕೈಯಲ್ಲಿ ಕೊಯ್ದು ಕಣದಲ್ಲಿ ಬಡಿಯುವಾಗ ಹುಲ್ಲು ಬಣವೆಗೆ ಹೋಗುತ್ತಿತ್ತು. ಕೊಯ್ಲು ಯಂತ್ರ ಹುಲ್ಲನ್ನು ತುಂಡರಿಸಿ ಗದ್ದೆ ತುಂಬ ಚೆಲ್ಲಿ ಹೋಗುತ್ತದೆ, ಕೆಳಗೆ ಮೊಣಕಾಲುದ್ದ ಕೂಳೆ ನಿಲ್ಲುತ್ತದೆ. ಮಳೆಗಾಲದ ಬೆಳೆ ಕೊಯ್ದ ಕೆಲವೇ ವಾರಗಳಲ್ಲಿ ಬೇಸಿಗೆ ಬೆಳೆಗೆ ನಾಲೆಯಲ್ಲಿ ನೀರು ಬಿಡುತ್ತಾರೆ. ಕೊನೆ ಭಾಗದವರಿಗೆ ಬಂದ ನೀರನ್ನು ಬಿಟ್ಟರೆ ಮತ್ತೆ ಸಿಗುವುದಿಲ್ಲ. ಗದ್ದೆ ಬೇಗ ಖಾಲಿಯಾಗಬೇಕು. ಒಂದು ಕಡ್ಡಿ ಗೀರಿದರೆ ಸಂಜೆಯೊಳಗೆ ಗದ್ದೆ ಖಾಲಿ.

ಒಂದು ಟನ್ ಭತ್ತದ ಹುಲ್ಲು ಸುಟ್ಟರೆ ಸುಮಾರು 5.5 ಕಿಲೊ ಸಾರಜನಕ, 2.3 ಕಿಲೊ ರಂಜಕ, 25 ಕಿಲೊ ಪೊಟ್ಯಾಶ್, 1.2 ಕಿಲೊ ಗಂಧಕ ನಷ್ಟ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಪೊಟ್ಯಾಶ್ ಚೀಲದ ಬೆಲೆ ಏರಿದೆ ಎಂದು ಗೊಣಗುತ್ತಾ ಅದನ್ನೇ ಗದ್ದೆಯಲ್ಲಿ ಸುಡುತ್ತಿದ್ದೇವೆ ಎಂದು ತಿಳಿದ ಮೇಲೆ ನಮ್ಮ ಓಣಿಯ ಕೆಲವರು ನಿಲ್ಲಿಸಿದರು. ಹುಲ್ಲು ಕಟ್ಟುವ ಯಂತ್ರದವರನ್ನು ಕರೆಸುತ್ತೇವೆ. ಯಂತ್ರ ಉರುಳೆ ಉರುಳೆಯಾಗಿ ಹುಲ್ಲು ಕಟ್ಟಿ ಇಡುತ್ತದೆ. ಬಾಡಿಗೆ ಕಳೆದರೂ ಒಳ್ಳೆಯ ವರ್ಷದಲ್ಲಿ ನಾಲ್ಕು ಕಾಸು ಉಳಿಯುತ್ತದೆ. ಕೂಳೆಯನ್ನು ರೋಟವೇಟರ್ ಹೊಡೆದು ನೀರು ಬಿಟ್ಟು ಕೊಳೆಸುತ್ತೇವೆ. ನಾಟಿಗೆ ಮೊದಲು ಕೊಳೆಯಲು ಎರಡು ಮೂರು ವಾರ ಸಿಗಬೇಕು, ಇಲ್ಲದಿದ್ದರೆ ಸಸಿ ಹಳದಿ ತಿರುಗುತ್ತದೆ. ನಾಲೆಗೆ ನೀರು ಬಿಡುವ ದಿನಾಂಕವನ್ನು ಕೊಯ್ಲಿಗೆ ಮುಂಚೆಯೇ ಸ್ಪಷ್ಟವಾಗಿ ತಿಳಿಸಿದರೆ ಎಷ್ಟೋ ಗದ್ದೆಗಳಿಗೆ ಬೆಂಕಿ ತಪ್ಪುತ್ತದೆ. ಇದಕ್ಕೆ ಸರ್ಕಾರದ ದುಡ್ಡೇನೂ ಬೇಕಿಲ್ಲ.

ಜಗಳೂರು ಸೀಮೆ

ಮೇಲಿನ ಮಾತು ಓದಿ ಹೊಟ್ಟೆ ಉರಿಯಿತು. ನಿಮ್ಮಲ್ಲಿ ಹುಲ್ಲು ಸುಡುತ್ತೀರಿ, ನಮ್ಮಲ್ಲಿ ಮೇವಿಲ್ಲದೆ ದನಗಳನ್ನು ಸಂತೆಗೆ ಹೊಡೆಯುತ್ತಾರೆ. ಒಂದೇ ಜಿಲ್ಲೆಯೊಳಗೆ! 2023ರ ಬರದಲ್ಲಿ ಹುಲ್ಲಿನ ಬೆಲೆ ಕೇಳಿ ವಾಪಸ್ ಬಂದವರು ನಮ್ಮ ಹಳ್ಳಿಯಲ್ಲೇ ಇದ್ದಾರೆ. ಮೊಳಕಾಲ್ಮೂರು, ಚಳ್ಳಕೆರೆ ಕಡೆ ಮ್ಯಾಸಬೇಡ ಸಮುದಾಯದವರ ದೇವರ ಎತ್ತುಗಳ ಹಿಂಡುಗಳಿವೆ. ಆ ಎತ್ತುಗಳನ್ನು ಮಾರುವಂತಿಲ್ಲ, ಹೂಡುವಂತಿಲ್ಲ, ಬರ ಬಂದರೆ ಮೇವಿಗಾಗಿ ಅವುಗಳನ್ನು ಕಾಯುವ ಕಿಲಾರಿಗಳು ಊರೂರು ಅಲೆಯಬೇಕು. ಕಾವಲು ಎನ್ನುವ ಹುಲ್ಲುಗಾವಲುಗಳಲ್ಲಿ ಮೊದಲಿನಂತೆ ಮೇಯಲು ಜಾಗವೂ ಉಳಿದಿಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಗಿದೆ.

ನೀವು ಕಟ್ಟಿದ ಉರುಳೆಗಳನ್ನು ಸುಗ್ಗಿಯಲ್ಲೇ ಕೊಂಡು ಹೋಬಳಿಗೊಂದು ಮೇವು ದಾಸ್ತಾನು ಮಾಡಬಹುದು. ಬರ ಘೋಷಣೆಯಾದ ಮೇಲೆ ಟೆಂಡರ್ ಕರೆದು ದುಬಾರಿ ಬೆಲೆಗೆ ಮೇವು ತರಿಸುವ ಬದಲು, ಮಳೆ ಚೆನ್ನಾಗಿದ್ದ ವರ್ಷದಲ್ಲೇ ಕೊಂಡಿಡಬೇಕು. ಹಾಲು ಉತ್ಪಾದಕರ ಸಂಘಗಳು ಮನಸ್ಸು ಮಾಡಿದರೆ ಅವರೇ ಮಾಡಬಹುದು.

ಭೀಮಸಮುದ್ರದಿಂದ

ನಮ್ಮೂರಿಗೆ ಎರಡೂ ಕಷ್ಟ. ಅಡಿಕೆಯ ದೊಡ್ಡ ವ್ಯಾಪಾರ ಇರುವ ಊರು, ಪಕ್ಕದಲ್ಲೇ ಕಬ್ಬಿಣದ ಅದಿರಿನ ಗುಡ್ಡಗಳು. ಅದಿರು ಲಾರಿಗಳು ಲಂಗುಲಗಾಮಿಲ್ಲದೆ ಓಡಿದ ವರ್ಷಗಳಲ್ಲಿ ರಸ್ತೆ ಪಕ್ಕದ ತೋಟಗಳಲ್ಲಿ ಸೋಗೆಯ ಬಣ್ಣ ಹಸಿರಿರಲಿಲ್ಲ, ಕೆಂಪಿತ್ತು. ಹೊಂಬಾಳೆಯ ಮೇಲೆ ದೂಳು ಕೂತರೆ ಕಾಯಿ ಕಚ್ಚುವುದಿಲ್ಲ ಎಂದು ಬೆಳೆಗಾರರು ಗೋಳಾಡುತ್ತಿದ್ದರು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯಲ್ಲಿ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪಿನಲ್ಲಿ ಗಂಭೀರ ಅಕ್ರಮ ಎಸಗಿದ ಗುತ್ತಿಗೆಗಳು ರದ್ದಾದವು, ಉಳಿದವು ಪುನಶ್ಚೇತನ ಯೋಜನೆಯ ಷರತ್ತಿನೊಂದಿಗೆ ಮತ್ತೆ ತೆರೆದವು.

ಈ ಮಾತನ್ನು ಏಕೆ ತೆಗೆದೆನೆಂದರೆ, ಗಣಿಯ ವಿಷಯದಲ್ಲಿ ಯಾರನ್ನು ಹಿಡಿಯಬೇಕು ಎಂಬುದು ಗೊತ್ತಿತ್ತು. ಗುತ್ತಿಗೆ ಪತ್ರ ಇತ್ತು, ಲಾರಿಗೆ ಪರವಾನಗಿ ಇತ್ತು. ನ್ಯಾಯಾಲಯ ಒಂದು ಆದೇಶ ಕೊಟ್ಟರೆ ಯಂತ್ರಗಳು ನಿಂತವು. ಸಿಪ್ಪೆಗೆ, ಹುಲ್ಲಿಗೆ, ಕಸಕ್ಕೆ ಕಡ್ಡಿ ಗೀರುವವರು ಸಾವಿರಾರು ಜನ, ಎಲ್ಲರೂ ನಮ್ಮ ನೆಂಟರೇ. ರಸ್ತೆಯಲ್ಲಿ, ಬಯಲಿನಲ್ಲಿ, ಚರಂಡಿಯಲ್ಲಿ ಕಸ ಎಸೆಯುವುದನ್ನು, ಸುಡುವುದನ್ನು 2016ರ ಘನತ್ಯಾಜ್ಯ ನಿಯಮಗಳಲ್ಲೇ ನಿಷೇಧಿಸಲಾಗಿತ್ತು. ನಿಯಮ ಇದ್ದೂ ಬೆಕ್ಕಿಗೆ ಗಂಟೆ ಕಟ್ಟುವವರಿಲ್ಲ. ಹಾಗೆಂದು ಕಾನೂನನ್ನು ಕೈಬಿಡಬಾರದು. ಸುಲಿತದ ಕಣಗಳಾದರೂ ಎಣಿಕೆಗೆ ಸಿಗುತ್ತವೆ. ಕಣಕ್ಕೆ ಪಂಚಾಯಿತಿ ಪರವಾನಗಿ ಕೊಡುವಾಗಲೇ ಸಿಪ್ಪೆ ಎಲ್ಲಿ ಹಾಕುತ್ತೀರಿ ಎಂದು ಬರೆಸಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು.

ದುರ್ಗದ ಚಾರಣಿಗ

ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡದ ಬಗ್ಗೆ ಸ್ವಲ್ಪ. ಫೆಬ್ರವರಿ ಮುಗಿಯುತ್ತಿದ್ದಂತೆ ಗುಡ್ಡದ ಹುಲ್ಲು ಒಣಗಿ ನಿಲ್ಲುತ್ತದೆ. ಕುರಿಗಳಿಗೆ ಹೊಸ ಚಿಗುರು ಬರಲಿ ಎಂದು ಕೆಲವರು ಬೆಂಕಿ ಇಡುತ್ತಾರೆ, ಬೀಡಿ ಸಿಗರೇಟು ಎಸೆದು ಹೋಗುವವರೂ ಇದ್ದಾರೆ. ರಾತ್ರಿ ಊರಿನಿಂದ ನೋಡಿದರೆ ಗುಡ್ಡದ ಮೇಲೆ ಬೆಂಕಿಯ ಗೆರೆ ಹರಿಯುತ್ತಿರುತ್ತದೆ. ಸುಟ್ಟ ಜಾಗದಲ್ಲಿ ಮರುವರ್ಷ ಹುಲ್ಲು ಬರುತ್ತದೆ, ಆದರೆ ಸಸಿಗಳು ಬರುವುದಿಲ್ಲ. ಕಮರ, ಜಾಲಾರಿ, ಬೇಲದ ಎಳೆ ಗಿಡಗಳು ಪ್ರತಿ ವರ್ಷ ಬುಡಕ್ಕೆ ಸುಡುತ್ತವೆ. ಹಳೆ ಮರಗಳು ಸತ್ತ ಮೇಲೆ ಅವುಗಳ ಜಾಗಕ್ಕೆ ಯಾವುದೂ ಇಲ್ಲ. ಮುಂಗಾರಿನ ಮೊದಲ ಜಡಿಮಳೆಗೆ ಬರಿ ಮಣ್ಣು ಕೊಚ್ಚಿ ಕೆರೆಗೆ ಇಳಿಯುತ್ತದೆ. ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಹುಲ್ಲೆಗೆಂದೇ ಅಭಯಾರಣ್ಯ ಮಾಡಿದ್ದಾರೆ. ಹುಲ್ಲಿನ ಮರೆಯಲ್ಲಿ ಮರಿ ಬಚ್ಚಿಡುವ ಆ ಪ್ರಾಣಿಗೆ ಬೇಸಿಗೆಯ ಬೆಂಕಿ ಏನು ಮಾಡುತ್ತದೆ ಎಂದು ಯೋಚಿಸಿ.

ಅರಣ್ಯ ಇಲಾಖೆಯವರು ಬೆಂಕಿ ಹರಡದಂತೆ ಬೆಂಕಿ ರೇಖೆ ಎಳೆಯುತ್ತಾರೆ, ಬೇಸಿಗೆಗೆ ಕಾವಲುಗಾರರನ್ನು ನೇಮಿಸುತ್ತಾರೆ. ಕುರಿಗಾಹಿಗಳ ಹಟ್ಟಿಗಳಿಂದಲೇ ಆ ಕಾವಲುಗಾರರನ್ನು ಆರಿಸಿದರೆ, ಒಣಹುಲ್ಲನ್ನು ಕೊಯ್ದು ಒಯ್ಯಲು ಅವಕಾಶ ಇರುವ ಕಡೆ ಅವರಿಗೇ ಕೊಟ್ಟರೆ, ಗುಡ್ಡಕ್ಕೂ ಮೇವಿಗೂ ಒಳ್ಳೆಯದು.

ತೋಟದ ಬದು, ಹೊಳಲ್ಕೆರೆ ತಾಲ್ಲೂಕು

ಮಣ್ಣಿನ ವಿದ್ಯಾರ್ಥಿಯವರು ಇಂಗಾಲದ ಮಾತು ಹೇಳಿದರು. ಅದಕ್ಕೆ ನೀರಿನ ಲೆಕ್ಕ ಸೇರಿಸುತ್ತೇನೆ, ಏಕೆಂದರೆ ನಮ್ಮಲ್ಲಿ ರೈತನ ನಿದ್ದೆ ಕೆಡಿಸುವುದು ಹೊಗೆಗಿಂತ ಕೊಳವೆಬಾವಿ.

ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲೂ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕು ಎನ್ನುತ್ತಾರೆ. ಎಕರೆಗೆ ಸುಮಾರು 550 ಮರ ಎಂದರೆ ದಿನಕ್ಕೆ ಸುಮಾರು ಒಂಬತ್ತರಿಂದ ಹನ್ನೊಂದು ಸಾವಿರ ಲೀಟರ್. ಮಲೆನಾಡಿನ ಬೆಳೆಯನ್ನು ಬಯಲುಸೀಮೆಯ ಮಳೆಯಲ್ಲಿ ಬೆಳೆಯಲು ಹೊರಟು ಸಾವಿರ ಅಡಿ ಕೊರೆಯುವ ಸ್ಥಿತಿಗೆ ಬಂದಿದ್ದೇವೆ. ಬರದ ವರ್ಷ ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಂಡವರ ಸಾಲ ಇನ್ನೂ ತೀರಿಲ್ಲ. ಆಳದ ನೀರಿನ ಜೊತೆ ಫ್ಲೋರೈಡ್ ಮೇಲೆ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಮೂಳೆಗಳಿಗೆ ಏನಾಗುತ್ತದೆ ಎಂಬುದನ್ನು ಜಗಳೂರು, ಮೊಳಕಾಲ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಹೊಸ ತೋಟ ಹಾಕುವವರು ದಯವಿಟ್ಟು ಎರಡು ಸಲ ಯೋಚಿಸಿ. ಇರುವ ತೋಟದವರು ಬುಡಕ್ಕೆ ಸೋಗೆ ಹಾಸಿ, ಸಿಪ್ಪೆ ಗೊಬ್ಬರ ಕೊಡಿ. ಹೊದಿಕೆ ಇದ್ದ ಬುಡದಲ್ಲಿ ತೇವ ಹೆಚ್ಚು ದಿನ ನಿಲ್ಲುತ್ತದೆ, ಮೋಟಾರ್ ಓಡುವ ಗಂಟೆ ಕಡಿಮೆಯಾಗುತ್ತದೆ. ಹೀಗಾಗಿ ರಸ್ತೆ ಬದಿಯಲ್ಲಿ ಸುಟ್ಟ ಸಿಪ್ಪೆಯ ಜೊತೆ ನಮ್ಮ ಕೊಳವೆಬಾವಿಯ ನೀರೂ ಹೋಗುತ್ತಿದೆ.

ನಾಯಕನಹಟ್ಟಿ ಕಡೆಯವರು

ನಮ್ಮಲ್ಲಿ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದ ಕಥೆ ಮನೆಮನೆಯಲ್ಲಿ ಇದೆ. "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಮಾತು ಅವರದು. ಎಷ್ಟು ಮಣ್ಣು ಹೊತ್ತರೋ ಅಷ್ಟು ಕೂಲಿ. ಸಿಪ್ಪೆಗೂ ಅದೇ ಲೆಕ್ಕ ಹಾಕಿ: ತಂದ ಸಿಪ್ಪೆಯ ತೂಕಕ್ಕೆ ತಕ್ಕಂತೆ ಮುಂದಿನ ವರ್ಷ ಗೊಬ್ಬರ ವಾಪಸ್ ಕೊಡಿ. ಜನ ತಾವಾಗಿ ತರುತ್ತಾರೆ.

ಖೇಣಿ ಮನೆ

ನಾಯಕನಹಟ್ಟಿಯವರ ಮಾತು ಮನಸ್ಸಿಗೆ ಬಂತು. ನಮ್ಮ ಕಡೆಯಿಂದ ಆಗುವುದು ಇದು. ಖೇಣಿ ಮಾತುಕತೆಯ ಹೊತ್ತಿಗೇ ಸಿಪ್ಪೆಯ ವಿಷಯ ಬರೆದುಕೊಳ್ಳೋಣ. ಕಾಯಿ ತರುವ ಟ್ರ್ಯಾಕ್ಟರ್ ಹೇಗೂ ತೋಟಕ್ಕೆ ಖಾಲಿ ಹೋಗುತ್ತದೆ. ಹಿಂದಿನ ದಿನದ ಸಿಪ್ಪೆ ತುಂಬಿ ಕಳಿಸುತ್ತೇವೆ, ಬಾಡಿಗೆ ಬೇರೆ ಬೇಡ. ತೋಟದ ಮೂಲೆಯಲ್ಲಿ ಗುಂಡಿ ತೆಗೆದಿಟ್ಟಿರಬೇಕು, ಇಳಿಸಲು ಒಬ್ಬರು ಇರಬೇಕು. ರೈತ ಬೇಡ ಎಂದ ಸಿಪ್ಪೆಗೆ ಮಾತ್ರ ಸಾಮೂಹಿಕ ಜಾಗ ಬೇಕು. ಅದನ್ನು ಪಂಚಾಯಿತಿ ಕೊಡಲಿ, ಪುಡಿ ಮಾಡುವ ಯಂತ್ರಕ್ಕೆ ನಾವು ನಾಲ್ಕೈದು ಖೇಣಿದಾರರು ಸೇರಿ ಪಾಲು ಹಾಕುತ್ತೇವೆ.

ಮಣ್ಣಿನ ವಿದ್ಯಾರ್ಥಿ

ಜಾಗ ಆರಿಸುವಾಗ ಕೆರೆ, ಹಳ್ಳದ ಅಂಚು ಬೇಡ. ಹಸಿ ಸಿಪ್ಪೆಯಿಂದ ಇಳಿಯುವ ಕಪ್ಪು ನೀರಿನಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಇರುತ್ತದೆ. ಅದು ಕೆರೆಗೆ ಸೇರಿದರೆ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ನೀರನ್ನು ಚಿತ್ರದುರ್ಗದವರು ಕುಡಿಯುತ್ತಾರೆ ಎಂಬುದು ನೆನಪಿರಲಿ. ಸ್ವಲ್ಪ ಎತ್ತರದ ಜಾಗ, ಸುತ್ತ ಬದು, ಇಳಿದ ನೀರನ್ನು ಹಿಡಿದು ಮತ್ತೆ ರಾಶಿಗೇ ಹೊಯ್ಯಲು ಸಣ್ಣ ಗುಂಡಿ ಇರಬೇಕು.

ಸಂತೇಬೆನ್ನೂರು ದಾರಿ

ಸುಲಿತಕ್ಕೆ ಮುಂಚಿನ ಗ್ರಾಮಸಭೆಗೆ ಒಂದು ಮನವಿ ಬರೆಯುತ್ತಿದ್ದೇನೆ. ಕಣದ ಪರವಾನಗಿಯಲ್ಲಿ ಸಿಪ್ಪೆಯ ಷರತ್ತು, ಖಾಲಿ ಟ್ರ್ಯಾಕ್ಟರಿನಲ್ಲಿ ಸಿಪ್ಪೆ ವಾಪಸ್, ಎತ್ತರದ ಸಾಮೂಹಿಕ ಜಾಗ, ರಸ್ತೆ ಬದಿಯ ಮರಗಳ ಎಣಿಕೆ. ಎಣಿಸಿ ನಂಬರ್ ಹಾಕಿದ ಮರ ಸುಟ್ಟರೆ ಕೇಳಲು ಒಂದು ಆಧಾರ ಇರುತ್ತದೆ. ಮನವಿಯ ಒಂದು ಪ್ರತಿಯನ್ನು ಚನ್ನಗಿರಿಯ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ತುಮ್ಕೋಸ್‌ಗೂ ಕೊಡುವ ಯೋಚನೆಯಿದೆ, ಬೆಳೆಗಾರರಿಗೆ ಅವರ ಮಾತು ನಮ್ಮ ಮಾತಿಗಿಂತ ಬೇಗ ತಲುಪುತ್ತದೆ. ಹೊಳಲ್ಕೆರೆ, ಭೀಮಸಮುದ್ರದವರು ತಮ್ಮ ಪಂಚಾಯಿತಿಗೆ ತಕ್ಕಂತೆ ತಿದ್ದಿಕೊಳ್ಳಲಿ ಎಂದು ಕರಡನ್ನು ಇಲ್ಲಿಯೇ ಹಾಕುತ್ತೇನೆ. ಪರವಾನಗಿಯ ಷರತ್ತಿನ ವಾಕ್ಯ ಹೇಗಿರಬೇಕು ಎಂದು ಪಂಚಾಯಿತಿ ಕೆಲಸ ಬಲ್ಲವರು ಬರೆದುಕೊಡಿ.

ಭೀಮಸಮುದ್ರದಿಂದ

ಹೀಗೆ ಬರೆಯಿರಿ: "ಕಣದಲ್ಲಿ ಉತ್ಪತ್ತಿಯಾಗುವ ಅಡಿಕೆ ಸಿಪ್ಪೆಯನ್ನು ರಸ್ತೆ, ಕೆರೆ, ಹಳ್ಳ ಹಾಗೂ ಸಾರ್ವಜನಿಕ ಜಾಗದಲ್ಲಿ ಸುರಿಯತಕ್ಕದ್ದಲ್ಲ, ಸುಡತಕ್ಕದ್ದಲ್ಲ. ವಿಲೇವಾರಿ ಮಾಡುವ ಜಾಗದ ಸರ್ವೆ ನಂಬರನ್ನು ಅರ್ಜಿಯಲ್ಲಿ ನಮೂದಿಸತಕ್ಕದ್ದು." ಸರ್ವೆ ನಂಬರ್ ಬಿಡಬೇಡಿ. ಅದಿಲ್ಲದಿದ್ದರೆ ಷರತ್ತು ಕಾಗದದಲ್ಲೇ ಉಳಿಯುತ್ತದೆ.